ಯುದ್ಧ ಹೊತ್ತಿಕೊಳ್ಳುವ ಬಗೆ, ಉರಿಯುತ್ತಲೇ ಇರುವ ಬಗೆ

ರಾಷ್ಟ್ರಗಳನ್ನು ಯುದ್ಧಕ್ಕೆ ನೂಕುವುದು ದುರಾಸೆಯೊಂದೇ ಅಲ್ಲ, ಭಯವೂ ಹೌದು. ಮೊದಲನೆಯ ಮಹಾಯುದ್ಧ ಇದಕ್ಕೆ ಸ್ಪಷ್ಟ ನಿದರ್ಶನ. 1914ರ ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನೆಂಡ್‌ನ ಕೊಲೆಯಾಯಿತು. ಅದಕ್ಕೆ ಸರ್ಬಿಯಾವನ್ನೇ ಹೊಣೆಯಾಗಿಸಿ, ಸರಿಯಾಗಿ ಒಂದು ತಿಂಗಳಿಗೆ ಆಸ್ಟ್ರಿಯಾ ಅದರ ಮೇಲೆ ಯುದ್ಧ ಸಾರಿತು. ಸರ್ಬಿಯಾದ ಬೆನ್ನಿಗೆ ನಿಂತ ರಷ್ಯಾ ತನ್ನ ಸೇನೆಯನ್ನು ಸಜ್ಜುಗೊಳಿಸಿತು. ತಡಮಾಡಿದರೆ ಎರಡೂ ಕಡೆಯ ದಾಳಿಗೆ ಸಿಲುಕಬೇಕಾದೀತೆಂದು ಹೆದರಿದ, ಆಸ್ಟ್ರಿಯಾದ ಮಿತ್ರ ಜರ್ಮನಿ ರಷ್ಯಾ ಮತ್ತು ಅದರ ಮಿತ್ರ ಫ್ರಾನ್ಸ್‌ಗಳ ಮೇಲೆ ಎರಗಿತು. ಜರ್ಮನ್ ಪಡೆ ಬೆಲ್ಜಿಯಂಗೆ ನುಗ್ಗಿದಾಗ, ಆಗಸ್ಟ್ 4ರಂದು ಬ್ರಿಟನ್ನೂ ಕಣಕ್ಕಿಳಿಯಿತು.

ಕೆಲವೇ ತಿಂಗಳಲ್ಲಿ ಮುಗಿಯಬಹುದೆಂದು ಹಲವರು ನಂಬಿದ್ದ ಈ ಕಾಳಗ ನಾಲ್ಕು ವರ್ಷ ನಡೆಯಿತು. ಅದಕ್ಕೆ ಹಣ ಒದಗಿದ್ದು ಸಾಲದಿಂದ: ಜರ್ಮನಿ ತನ್ನ ಪ್ರಜೆಗಳಿಗೆ ಯುದ್ಧ ಬಾಂಡ್‌ಗಳನ್ನು ಮಾರಿತು, ಬ್ರಿಟನ್ ಅಮೆರಿಕದಿಂದಲೂ ಸಾಲ ತಂದಿತು. ನೌಕಾ ದಿಗ್ಬಂಧನದಿಂದ ಚಿಲಿಯ ನೈಟ್ರೇಟ್ ನಿಂತಾಗ, ಜರ್ಮನಿ ಗಾಳಿಯ ಸಾರಜನಕದಿಂದಲೇ ಸಿಡಿಮದ್ದಿನ ಕಚ್ಚಾವಸ್ತು ತಯಾರಿಸಿತು. 1916ರಲ್ಲಿ ಬ್ರಿಟನ್ ಕಡ್ಡಾಯ ಸೇನಾ ಸೇವೆ ತಂದಿತು. ವಸಾಹತುಗಳಿಂದಲೂ ಸೈನಿಕರು ಬಂದರು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಇವೆಲ್ಲಕ್ಕಿಂತ ಗಟ್ಟಿಯಾದ ಹಿಡಿತವೆಂದರೆ ಸತ್ತವರ ಋಣ. ಲಕ್ಷಾಂತರ ಜನರನ್ನು ಕಳೆದುಕೊಂಡ ಸರ್ಕಾರಗಳಿಗೆ ಬರಿಗೈಯಲ್ಲಿ ಸಂಧಿಗೆ ಒಪ್ಪುವುದು ಅಸಾಧ್ಯವೆನಿಸಿತ್ತು.

ಈ ಆಧಾರಗಳು ಕುಸಿದಾಗಲೇ ಯುದ್ಧ ನಿಂತಿತು. 1917ರಲ್ಲಿ ರಷ್ಯಾದ ರಾಜಧಾನಿ ಪೆಟ್ರೋಗ್ರಾಡ್‌ನ ರೊಟ್ಟಿಯ ಅಭಾವ ಕ್ರಾಂತಿಗೆ ಕಿಡಿಯಾಗಿ, ರಷ್ಯಾ ಕಣದಿಂದ ಹಿಂದೆ ಸರಿಯಿತು. ಹಸಿವು, ರಣರಂಗದ ಸೋಲು, ಕೀಲ್ ಬಂದರಿನ ನಾವಿಕರ ದಂಗೆ ಜರ್ಮನಿಯನ್ನು ಮಣಿಸಿದವು. 1918ರ ನವೆಂಬರ್ 11ರಂದು ಕದನವಿರಾಮ ಜಾರಿಗೆ ಬಂದಿತು.