ರಜೆಯಲ್ಲಿ 'ಉಚಿತ ಬಹುಮಾನ': ಗೋವಾಕ್ಕೆ ಹೋಗುವವರೇ, ಎಚ್ಚರ!

ರಜೆ ಬಂತೆಂದರೆ ಕರಾವಳಿಯ ಅನೇಕ ಕುಟುಂಬಗಳು ಗೋವಾಕ್ಕೆ ಹೊರಡುವುದು ವಾಡಿಕೆ. ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಬಸಿಲಿಕಕ್ಕೆ ಭೇಟಿ ನೀಡಿ, ಸಂಜೆ ಕಲಂಗುಟ್ ಅಥವಾ ಬಾಗಾ ಕಡಲತೀರಕ್ಕೆ ಹೋಗುತ್ತೇವೆ. ಅಲ್ಲಿ ನಮ್ಮ ಬೆನ್ನು ಹತ್ತುವ ಮಾರಾಟಗಾರರಲ್ಲಿ ಎರಡು ಬಗೆಯವರಿದ್ದಾರೆ.

ಮೊದಲನೆಯವರು ಮಣಿಸರ, ಬಟ್ಟೆಬರೆ ಮಾರುವವರು. ಇವರಲ್ಲಿ ಹೊಟ್ಟೆಪಾಡಿಗಾಗಿ ಕರ್ನಾಟಕದಿಂದಲೇ ಹೋದ ಲಂಬಾಣಿ ಮಹಿಳೆಯರೂ ಇದ್ದಾರೆ. ಬೇಡವೆಂದಾದರೆ "ಬೇಡಮ್ಮಾ" ಎಂದು ನಗುಮುಖದಿಂದಲೇ ಹೇಳಿ ಮುಂದೆ ನಡೆಯಬಹುದು. ಕೊಳ್ಳುವ ಮನಸ್ಸಿಲ್ಲದಿದ್ದರೆ ಬೆಲೆ ಮಾತ್ರ ಕೇಳಬೇಡಿ. ಇಲ್ಲಿ ಮೋಸಹೋದರೂ ನಷ್ಟ ನೂರಿನ್ನೂರು ರೂಪಾಯಿ.

ಎರಡನೆಯವರು ಅಪಾಯಕಾರಿ. ನೀಟಾಗಿ ಉಡುಪು ತೊಟ್ಟ ಯುವಕ ಅಥವಾ ಯುವತಿ ರಸ್ತೆ ಬದಿಯಲ್ಲಿ ಸ್ಕ್ರ್ಯಾಚ್ ಕಾರ್ಡ್ ಕೊಡುತ್ತಾರೆ. ಉಜ್ಜಿದರೆ ಬಹುಮಾನ! ಅದನ್ನು ಪಡೆಯಲು ದಂಪತಿ ಇಬ್ಬರೂ ಹೋಟೆಲಿಗೆ ಬಂದು ಒಂದು ಗಂಟೆ ಮಾತು ಕೇಳಬೇಕು ಎನ್ನುತ್ತಾರೆ. ಅಲ್ಲಿ ಮಾರುವುದು ರಜಾ ಕ್ಲಬ್ಬಿನ ಸದಸ್ಯತ್ವ, ಅಂದರೆ ಟೈಮ್‌ಶೇರ್. ಒಂದು ಗಂಟೆ ಮೂರು ಗಂಟೆಯಾಗುತ್ತದೆ. "ಈ ದರ ಇವತ್ತಿಗೆ ಮಾತ್ರ" ಎಂಬ ಒತ್ತಾಯಕ್ಕೆ ಮಣಿದು ಕಾರ್ಡ್ ಉಜ್ಜಿದವರು ಲಕ್ಷಾಂತರ ರೂಪಾಯಿ ಕಳೆದುಕೊಳ್ಳಬಹುದು. ಮೇಲಿಂದ ವರ್ಷವರ್ಷವೂ ನಿರ್ವಹಣಾ ಶುಲ್ಕ. ಬೇಕಾದಾಗ ಕೋಣೆ ಸಿಗುವ ಖಾತ್ರಿಯೂ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

1. ಕಾರ್ಡ್ ಮುಟ್ಟಬೇಡಿ. ಮೊಬೈಲ್ ಸಂಖ್ಯೆ, ಲಾಡ್ಜಿನ ಹೆಸರು ಹೇಳಬೇಡಿ.

2. ಕಾರಣ ಕೊಡಬೇಡಿ. "ಸಮಯವಿಲ್ಲ" ಎಂದರೆ "ನಾಳೆ ಬನ್ನಿ" ಎನ್ನುತ್ತಾರೆ. "ಬೇಡ" ಎಂಬ ಮಾತಿಗೆ ಮಾತ್ರ ಉತ್ತರವಿಲ್ಲ.

3. ಒಳಗೆ ಹೋಗಿಬಿಟ್ಟಿದ್ದರೂ ಎದ್ದು ಬರುವ ಹಕ್ಕು ನಿಮಗಿದೆ. ಚಹಾ ಕುಡಿದ ಮಾತ್ರಕ್ಕೆ ಋಣಿಗಳಲ್ಲ.

4. ಒಪ್ಪಂದದ ಪ್ರತಿಯನ್ನು ಮನೆಗೆ ಕೊಡಿ ಎಂದು ಕೇಳಿ. ಕೊಡದಿದ್ದರೆ ಸಹಿ ಬೇಡವೇ ಬೇಡ.

ಈಗಾಗಲೇ ಸಹಿ ಹಾಕಿದ್ದೀರಾ? ಐರೋಪ್ಯ ಒಕ್ಕೂಟದಲ್ಲಿ ಇಂಥ ಒಪ್ಪಂದವನ್ನು ಕಾರಣ ನೀಡದೆ 14 ದಿನಗಳೊಳಗೆ ರದ್ದುಪಡಿಸುವ ಹಕ್ಕಿದೆ. ನಮ್ಮ ದೇಶದಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. ಆದ್ದರಿಂದ ಒಪ್ಪಂದದಲ್ಲಿ ರದ್ದತಿಯ ಅವಧಿ ಇದೆಯೇ ನೋಡಿ, ಅದರೊಳಗೆ ಈಮೇಲ್ ಹಾಗೂ ಸ್ಪೀಡ್ ಪೋಸ್ಟ್ ಮೂಲಕ ರದ್ದತಿ ಪತ್ರ ಕಳುಹಿಸಿ. ಬಾಯಿಮಾತು ಸಾಲದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಗೋವಾಕ್ಕೆ ಅಲೆಯದೆ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂ. ಮೀರದಿದ್ದರೆ ಶುಲ್ಕವಿಲ್ಲ.

ಮೋಸಹೋದವರು ನಾಚಿಕೆಯಿಂದ ಮನೆಯವರಿಗೂ ಹೇಳದೆ ಕಂತು ಕಟ್ಟುತ್ತಾ ಹೋಗುವುದುಂಟು. ಸುಮ್ಮನಿದ್ದಷ್ಟು ದಿನ ರದ್ದತಿಯ ಅವಧಿ ಕಳೆಯುತ್ತದೆ. ಇಂದೇ ಹೇಳಿಕೊಳ್ಳಿ. ಮುಂದಿನ ಪ್ರವಾಸದ ಬಸ್ಸು ಹೊರಡುವ ಮುನ್ನ, ಆಯೋಜಕರು ಐದು ನಿಮಿಷ ಈ ವಿಷಯ ತಿಳಿಸಿದರೆ ಎಷ್ಟೋ ಮನೆಗಳ ಉಳಿತಾಯ ಉಳಿದೀತು.