ಹೆಣ್ಣುಮಕ್ಕಳ ಪಾಲು: ಅಲ್ಲಾಹನು ಹಾಕಿದ ಮೇರೆ



ಸಂಪತ್ತಿನ ನಿಜವಾದ ಒಡೆಯ ಅಲ್ಲಾಹನು. ನಮ್ಮ ಕೈಯಲ್ಲಿರುವುದು ಅವನ ಅಮಾನತ್. ಇದು ನಮ್ಮ ಈಮಾನಿನ ಭಾಗ. ಮನೆಯ ಹಿರಿಯರು ತೀರಿಕೊಂಡು ಆಸ್ತಿ ಹಂಚುವ ದಿನ ಈ ನಂಬಿಕೆ ಪರೀಕ್ಷೆಗೆ ಒಳಗಾಗುತ್ತದೆ.

ನಮಾಝಿನ ರಕಅತ್‌ಗಳ ಎಣಿಕೆಯನ್ನು ನಾವು ಪ್ರವಾದಿಯವರ (ಸ) ಸುನ್ನತ್‌ನಿಂದ ಕಲಿತೆವು. ಆದರೆ ವಾರಸುದಾರರ ಪಾಲುಗಳನ್ನು ಅಲ್ಲಾಹನು ಸೂರಃ ಅನ್ನಿಸಾದ 11, 12 ಮತ್ತು 176ನೇ ವಚನಗಳಲ್ಲಿ ಸ್ವತಃ ಲೆಕ್ಕ ಹಾಕಿಕೊಟ್ಟಿದ್ದಾನೆ. ಆಸ್ತಿ ಸ್ವಲ್ಪವಿರಲಿ, ಹೆಚ್ಚಿರಲಿ, ಅದರಲ್ಲಿ ಸ್ತ್ರೀಯರಿಗೂ ನಿಗದಿತ ಪಾಲಿದೆ ಎಂದು 7ನೇ ವಚನ ತಿಳಿಸುತ್ತದೆ. 13 ಮತ್ತು 14ನೇ ವಚನಗಳು ಇವನ್ನು ಅಲ್ಲಾಹನ ಮೇರೆಗಳೆಂದು ಕರೆದು, ಮೀರುವವರಿಗೆ ನರಕದ ಎಚ್ಚರಿಕೆ ಕೊಡುತ್ತವೆ.

ಉಹುದ್ ಯುದ್ಧದಲ್ಲಿ ಹಝ್ರತ್ ಸಅದ್ ಬಿನ್ ರಬೀಅ್ (ರ) ಶಹೀದರಾದಾಗ ಅವರ ಸೊತ್ತನ್ನೆಲ್ಲ ಸಹೋದರ ತೆಗೆದುಕೊಂಡರು. ಸಅದ್‌ರ ಪತ್ನಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ (ಸ) ಬಳಿ ಬಂದು ದೂರಿದರು. ವಾರಸಿನ ವಚನ ಅವತೀರ್ಣವಾಯಿತು. ಪ್ರವಾದಿಯವರು (ಸ) ಆ ಸಹೋದರನನ್ನು ಕರೆಸಿ, ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ತಾಯಿಗೆ ಎಂಟರಲ್ಲಿ ಒಂದು ಪಾಲು ಕೊಡಿಸಿದರು. ಉಳಿದದ್ದು ಮಾತ್ರ ಅವರಿಗೆ ಸಿಕ್ಕಿತು. ಒಬ್ಬ ವಿಧವೆಯ ದೂರಿನಿಂದ ಇಡೀ ಸಮುದಾಯಕ್ಕೆ ಕಾನೂನು ಬಂತು.

ಹಂಚುವ ಕ್ರಮ ಹೀಗಿದೆ: ಮೊದಲು ಕಫನ್-ದಫನ್ ವೆಚ್ಚ, ನಂತರ ಸಾಲ, ನಂತರ ಮೂರನೇ ಒಂದು ಭಾಗ ಮೀರದ ವಸಿಯ್ಯತ್, ಕೊನೆಗೆ ವಾರಸು. ತಂದೆತಾಯಿ ಇಲ್ಲದ ಒಬ್ಬರು ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡರು ಎನ್ನೋಣ. ಸಾಲ, ವಸಿಯ್ಯತ್ ಕಳೆದು 32 ಲಕ್ಷ ರೂಪಾಯಿ ಉಳಿದರೆ ಹೆಂಡತಿಗೆ 4 ಲಕ್ಷ, ಮಗನಿಗೆ 14 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 7 ಲಕ್ಷ. ಮಗನಿಗೆ ಎರಡು ಪಾಲು ಬಂದರೂ ಮಹರ್ ಕೊಡುವುದು, ಹೆಂಡತಿ ಮಕ್ಕಳನ್ನು ಸಾಕುವುದು ಅವನ ಹೊಣೆ. ಹೆಣ್ಣುಮಗಳ 7 ಲಕ್ಷ ಅವಳ ಸ್ವಂತದ್ದು. ಅದನ್ನು ಕೇಳುವ ಹಕ್ಕು ಗಂಡನಿಗೂ ಇಲ್ಲ.

ನಮ್ಮಲ್ಲಿ ನಡೆಯುತ್ತಿರುವುದೇನು? "ಮದುವೆಗೆ ಖರ್ಚು ಮಾಡಿದೆವಲ್ಲ" ಎನ್ನುತ್ತೇವೆ. ಮದುವೆಯ ಖರ್ಚು ವಾರಸಲ್ಲ. ತಂದೆ ಬದುಕಿರುವಾಗ ವಾರಸೇ ಹುಟ್ಟುವುದಿಲ್ಲ. "ಅವಳೇ ಬೇಡ ಅಂದಳು" ಎನ್ನುತ್ತೇವೆ. ಎಷ್ಟು ಬರುತ್ತದೆಂದೇ ತಿಳಿಸದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರೆ, ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂದು ಅವಳು ಹೆದರಿ ಸುಮ್ಮನಾದರೆ, ಅದು ಒಪ್ಪಿಗೆಯೇ? ಪೌತಿ ಖಾತೆಗೆ ಕೊಡುವ ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರನ್ನೇ ಬಿಡುವವರೂ ಇದ್ದಾರೆ. ಇದು ಸುಳ್ಳು ಸಾಕ್ಷಿ.

1937ರ ಶರೀಅತ್ ಕಾಯ್ದೆ ರೂಢಿಯನ್ನು ಬದಿಗಿಟ್ಟು ವಾರಸಿಗೆ ಶರೀಅತ್ತನ್ನೇ ಆಧಾರ ಮಾಡಿತು, ಕೃಷಿ ಭೂಮಿಯನ್ನು ಮಾತ್ರ ಹೊರಗಿಟ್ಟಿತು. ಕಾಯ್ದೆ ಹೊರಗಿಟ್ಟರೂ ಅಲ್ಲಾಹನು ತೋಟ, ಗದ್ದೆಗಳನ್ನು ಹೊರಗಿಟ್ಟಿಲ್ಲ.

ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟು. ಮೊದಲು ಆಸ್ತಿಯ ಪೂರ್ಣ ಲೆಕ್ಕ ಬರೆದು, ಆಲಿಮರಿಂದ ಪಾಲು ನಿಗದಿ ಮಾಡಿಸಿ, ಹೆಣ್ಣುಮಕ್ಕಳಿಗೆ ತಿಳಿಸೋಣ. ಪಾಲನ್ನು ಅವರ ಕೈಗೆ ಒಪ್ಪಿಸೋಣ. ಆಮೇಲೆ ಸಂತೋಷದಿಂದ ಅಣ್ಣತಮ್ಮಂದಿರಿಗೆ ಕೊಟ್ಟರೆ ಅದು ಅವರ ಔದಾರ್ಯ. ತಂದೆಯ ಕಾಲದಲ್ಲಿ ಅತ್ತೆಯರ ಪಾಲು ಉಳಿದಿದ್ದರೆ, ಅವರು ಬದುಕಿರುವಾಗಲೇ ಮುಟ್ಟಿಸೋಣ; ತೀರಿಹೋಗಿದ್ದರೆ ಅವರ ಮಕ್ಕಳಿಗೆ.

ಮೊದಲ ಸಫ್ಫಿನಲ್ಲಿ ನಿಂತವನ ಮನೆಯಲ್ಲಿ ತಂಗಿಯ ಪಾಲು ಉಳಿದಿರಬಾರದು. ಇನ್ನೊಬ್ಬರ ಹಕ್ಕನ್ನು ನಮ್ಮ ಕೊರಳಿಗೆ ಕಟ್ಟಿಕೊಂಡು ಕಬರಿಗೆ ಹೋಗದಂತೆ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.