ಕಂದಕ ತೋಡಿದವರಿಗೆ ಸಿಕ್ಕ ಊರು

1920ರ ಮಾರ್ಚ್ ತಿಂಗಳ ಕೊನೆ. ಮೊದಲನೆಯ ಮಹಾಯುದ್ಧ ಮುಗಿದು ವರ್ಷ ದಾಟಿದ್ದರೂ ತುರ್ಕರು ಬಿಟ್ಟುಹೋದ ನೆಲ ಯಾರ ಪಾಲಿಗೆ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಬಾಗ್ದಾದಿನಲ್ಲಿ ಬ್ರಿಟಿಷರು, ಡಮಾಸ್ಕಸ್ಸಿನಲ್ಲಿ ಆಗಷ್ಟೇ ತಲೆಯೆತ್ತಿದ ಅರಬ್ ಸರ್ಕಾರ, ಸಮುದ್ರದ ದಂಡೆಯಲ್ಲಿ ಫ್ರೆಂಚರು. ಇವರ ನಡುವಿನ ಮರುಭೂಮಿಯಲ್ಲಿ ಗಡಿಗೆರೆ ಎಲ್ಲಿ ಬೀಳುತ್ತದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಯೂಫ್ರಟಿಸ್ ನದಿಯ ಬಲದಂಡೆಯಲ್ಲಿ, ಇಂದು ಸಿರಿಯಾ ಮುಗಿದು ಇರಾಕ್ ಆರಂಭವಾಗುವ ಜಾಗಕ್ಕೆ ಹತ್ತಿರ, ಸಾಲಿಹಿಯಾ ಎಂಬ ಹಾಳುಕೋಟೆಯಿದೆ. ಮೂರು ಕಡೆ ಕೊರಕಲು ಮತ್ತು ನದಿ, ನಾಲ್ಕನೆಯ ಕಡೆ, ಅಂದರೆ ಮರುಭೂಮಿಯತ್ತ, ಉದ್ದನೆಯ ಗೋಡೆ. ಕ್ಯಾಪ್ಟನ್ ಮರ್ಫಿ ಎಂಬ ಬ್ರಿಟಿಷ್ ಅಧಿಕಾರಿಯ ಕೈಕೆಳಗಿನ ತುಕಡಿ ಅಲ್ಲಿ ಬೀಡುಬಿಟ್ಟು, ಯಾವ ಹೊತ್ತಿನಲ್ಲಿ ಗುಂಡು ಹಾರಿಬರುತ್ತದೋ ಎಂಬ ಅಂಜಿಕೆಯಲ್ಲಿ ಗೋಡೆಯ ಮಗ್ಗುಲಿಗೆ ಕಂದಕ ತೋಡುತ್ತಿತ್ತು. ಮಣ್ಣು ಸರಿದಾಗ ಗೋಡೆಯ ಗಾರೆಯ ಮೇಲೆ ಮನುಷ್ಯರ ಮುಖಗಳು ಕಂಡವು. ಬಣ್ಣ ನಿನ್ನೆ ಮೊನ್ನೆ ಬಳಿದಷ್ಟು ಹಸನಾಗಿತ್ತು.

ಈ ಪಾಳು ಯಾರಿಗೂ ಕಾಣದೆ ಇದ್ದದ್ದೇನಲ್ಲ. ಹಾದಿಹೋಕರು ನೋಡುತ್ತಲೇ ಇದ್ದರು. 1885ರಲ್ಲಿ ಒಂದು ಅಮೆರಿಕನ್ ತಂಡ ಹೆಬ್ಬಾಗಿಲಿನ ಫೋಟೋ ಕೂಡ ತೆಗೆದುಕೊಂಡು ಹೋಗಿತ್ತು. ಆದರೆ ಅದು ಯಾವ ಊರೆಂದು ಯಾರಿಗೂ ಹೊಳೆದಿರಲಿಲ್ಲ.

ಸುದ್ದಿ ಬಾಗ್ದಾದ್ ಮುಟ್ಟಿದಾಗ ಷಿಕಾಗೋ ವಿಶ್ವವಿದ್ಯಾಲಯದ ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಅಲ್ಲೇ ಇದ್ದರು. ಅವರ ವಿಷಯ ಈಜಿಪ್ಟ್. ಹಿಂದಿನ ವರ್ಷವಷ್ಟೇ ಶುರುವಾದ ತಮ್ಮ ಓರಿಯಂಟಲ್ ಇನ್‌ಸ್ಟಿಟ್ಯೂಟಿಗಾಗಿ ಪಶ್ಚಿಮ ಏಷ್ಯಾ ಸುತ್ತುತ್ತಿದ್ದವರನ್ನು ಬ್ರಿಟಿಷರು ಸೇನೆಯ ಮೋಟಾರುಗಳಲ್ಲಿ ಕೂರಿಸಿ ನದಿಯ ಉದ್ದಕ್ಕೂ ಮೇಲಕ್ಕೆ ಕಳಿಸಿದರು. ಮೇ ಮೊದಲ ವಾರ ಅವರು ಸಾಲಿಹಿಯಾ ತಲುಪುವ ಹೊತ್ತಿಗೆ ಪಡೆ ಅಲ್ಲಿಂದ ಗಂಟುಮೂಟೆ ಕಟ್ಟುವ ಸಿದ್ಧತೆಯಲ್ಲಿತ್ತು. ಅವರಿಗೆ ಸಿಕ್ಕಿದ್ದು ಒಂದೇ ಒಂದು ದಿನ. ಮೆಸೊಪೊಟೇಮಿಯಾದಲ್ಲಿದ್ದ ಬ್ರಿಟಿಷ್ ಪಡೆಯಲ್ಲಿ ಹೆಚ್ಚಿನವರು ಭಾರತದಿಂದ ಹೋದ ಸಿಪಾಯಿಗಳು. ಬ್ರೆಸ್ಟೆಡ್ ಅಳೆದು, ಬರೆದು, ಫೋಟೋ ತೆಗೆಯುತ್ತಿದ್ದಾಗ ಮಣ್ಣು ಸರಿಸಿಕೊಟ್ಟವರೂ ಅವರೇ. ಅವರಲ್ಲಿ ಯಾರೊಬ್ಬರ ಹೆಸರೂ ಈ ಕತೆಯೊಳಗೆ ಬಂದಿಲ್ಲ. ಕೆಲಸ ಮುಗಿಸಿ ಬ್ರೆಸ್ಟೆಡ್ ಕುದುರೆಗಾಡಿ ಹಿಡಿದು ಅರಬ್ಬರ ಸೀಮೆಯೊಳಗಿಂದ ಅಲೆಪ್ಪೋ ಕಡೆಗೆ ನಡೆದರು. ಸಿಪಾಯಿಗಳು ನದಿಯ ಕೆಳಹರಿವಿಗೆ ಹಿಂದೆಗೆದರು. ಗೋಡೆಯ ಚಿತ್ರಗಳು ಬಿಸಿಲಿಗೆ ಬಿಟ್ಟಲ್ಲೇ ಉಳಿದವು.

ಆ ಒಂದು ದಿನದ ಟಿಪ್ಪಣಿಯಿಂದ ಬ್ರೆಸ್ಟೆಡ್ 1924ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಅದರಲ್ಲಿನ ಎರಡು ಚಿತ್ರಗಳನ್ನು ಇಲ್ಲಿ ಹೇಳಲೇಬೇಕು. ಒಂದರಲ್ಲಿ ಕೊನೋನ್ ಎಂಬ ಗೃಹಸ್ಥ ಮನೆಮಂದಿಯೊಡನೆ ಪೂಜೆಗೆ ನಿಂತಿದ್ದಾನೆ. ಬಿಳಿಯ ಉದ್ದ ಟೊಪ್ಪಿಗೆಯ ಪುರೋಹಿತರು, ಮೈತುಂಬ ಒಡವೆ ಹೇರಿಕೊಂಡ ಹೆಣ್ಣುಮಗಳು. ಇನ್ನೊಂದರಲ್ಲಿ ಜೂಲಿಯಸ್ ಟೆರೆಂಟಿಯಸ್ ಎಂಬ ರೋಮನ್ ದಳಪತಿ ತನ್ನ ಸೈನಿಕರನ್ನು ಹಿಂದಿಟ್ಟುಕೊಂಡು ಪಾಲ್ಮೈರಾದ ದೇವರುಗಳಿಗೆ ಧೂಪ ಹಾಕುತ್ತಿದ್ದಾನೆ. ಅವನ ಎದುರು ಮೂಲೆಯಲ್ಲಿ ಇಬ್ಬರು ನಗರದೇವತೆಯರು ಕೂತಿದ್ದಾರೆ, ಪಕ್ಕದಲ್ಲಿ ಗ್ರೀಕ್ ಅಕ್ಷರ. ಒಬ್ಬಳು ಪಾಲ್ಮೈರಾದವಳು. ಇನ್ನೊಬ್ಬಳು ದುರಾದವಳು.

ದುರಾ! ಹಳೆಯ ಗ್ರಂಥಗಳನ್ನು ಬಲ್ಲವರಿಗೆ ಇದು ಕೇಳಿದ ಹೆಸರೇ. ಕಾರಾಕ್ಸ್‌ನ ಇಸಿಡೋರ್ ಎಂಬಾತ ಸುಮಾರು ಎರಡು ಸಾವಿರ ವರ್ಷದ ಹಿಂದೆ ಪಾರ್ಥಿಯನ್ ರಾಜ್ಯದ ಹೆದ್ದಾರಿಯ ತಂಗುದಾಣಗಳನ್ನು ಒಂದೊಂದಾಗಿ ಪಟ್ಟಿಮಾಡಿದ್ದ. ಅದರಲ್ಲಿ, ಮ್ಯಾಸಿಡೋನಿಯದವರು ಕಟ್ಟಿದ, ಗ್ರೀಕರು ಯೂರೋಪೋಸ್ ಎನ್ನುವ ದುರಾ ಪಟ್ಟಣವೂ ಇತ್ತು. ಪುಸ್ತಕದಲ್ಲಿ ಊರಿತ್ತು, ನೆಲದ ಮೇಲೆ ಪಾಳಿತ್ತು. ಒಂದು ಇನ್ನೊಂದಕ್ಕೆ ಸೇರಲು ಈ ಚಿತ್ರ ಬೇಕಾಯಿತು. 1922ರಲ್ಲಿ ಬೆಲ್ಜಿಯಂನ ವಿದ್ವಾಂಸ ಫ್ರಾಂಟ್ಸ್ ಕ್ಯೂಮೋ ಅಗೆತಕ್ಕೆ ಇಳಿದರು. ಅಷ್ಟರಲ್ಲಿ ಸಿರಿಯಾ ಫ್ರೆಂಚರ ಆಡಳಿತಕ್ಕೆ ಬಂದಿತ್ತು. ಕ್ಯೂಮೋ ಅವರಿಗೆ ಕೂಲಿಯಾಳಾಗಿ ಸಿಕ್ಕವರು ಫ್ರೆಂಚ್ ಫಾರಿನ್ ಲೀಜನ್ನಿನ ಸೈನಿಕರು. ಮತ್ತೆ ಸೈನಿಕರದೇ ಗುದ್ದಲಿ.

ಊರಿನ ಜಾತಕ ಚಿಕ್ಕದಾಗಿ ಹೀಗಿದೆ. ಅಲೆಕ್ಸಾಂಡರನ ಸೇನಾಪತಿ ಸೆಲ್ಯೂಕಸ್‌ನ ಕಡೆಯವರು ಕ್ರಿಸ್ತಪೂರ್ವ 300ರ ಆಸುಪಾಸಿನಲ್ಲಿ ಕಟ್ಟಿದರು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೊನೆಯಲ್ಲಿ ಪಾರ್ಥಿಯನ್ನರ ಕೈಗೆ ಹೋಯಿತು. ಕ್ರಿಸ್ತಶಕ 165ರ ಹೊತ್ತಿಗೆ ರೋಮನ್ನರು ಬಂದು ಕೂತರು. ಸುಮಾರು 256ರಲ್ಲಿ ಪರ್ಷಿಯಾದ ಸಸಾನಿಯನ್ನರು ಮುತ್ತಿಗೆ ಹಾಕಿ ಗೆದ್ದರು, ಆಮೇಲೆ ಊರು ಬರಿದಾಯಿತು. 363ರಲ್ಲಿ ಜೂಲಿಯನ್ ಚಕ್ರವರ್ತಿಯ ದಂಡು ಪರ್ಷಿಯಾಕ್ಕೆ ಹೋಗುತ್ತ ಈ ದಾರಿಯಲ್ಲಿ ಹಾದಾಗ ಸೈನಿಕರಿಗೆ ಸಿಕ್ಕಿದ್ದು ಜಿಂಕೆಯ ಹಿಂಡು. ಹೊಡೆದು ಹೊಟ್ಟೆತುಂಬ ತಿಂದರೆಂದು ಆ ದಂಡಿನಲ್ಲೇ ಇದ್ದ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತೇವಲ್ಲ, ಅಲ್ಲಿ ಗೌಡಿಕೆಗೂ ಜಿಂಕೆಗಳಷ್ಟೇ ಉಳಿದಿದ್ದವು.

ದೊಡ್ಡ ಅಗೆತ ಶುರುವಾದದ್ದು 1928ರಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯವೂ ಪ್ಯಾರಿಸ್ಸಿನ ಅಕಾಡೆಮಿಯೂ ಕೈಸೇರಿಸಿದವು. ಮುಂದಾಳು ಮಿಖಾಯಿಲ್ ರೊಸ್ತೊವ್‌ಟ್ಸೆಫ್, ರಷ್ಯಾದ ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟುಬಂದ ಇತಿಹಾಸಕಾರ. ಆರ್ಟೆಮಿಸ್, ಅತಾರ್ಗಾಟಿಸ್, ಬೇಲ್, ಅಡೋನಿಸ್, ಝ್ಯೂಸ್ ಹೀಗೆ ಗುಡಿಯ ಮೇಲೆ ಗುಡಿ ಸಿಕ್ಕಿತು. ಬರಹಗಳಂತೂ ಗ್ರೀಕ್, ಲ್ಯಾಟಿನ್, ಪಾಲ್ಮೈರಾದ ಅರಮಾಯಿಕ್, ಹೀಬ್ರೂ, ಸಿರಿಯಾಕ್, ಪಾರ್ಥಿಯನ್, ಪಹ್ಲವಿ ಎಂದು ಬೆಳೆಯುತ್ತಲೇ ಹೋದವು. ಅಲ್ಲಿ ಕಾವಲಿದ್ದ ಇಪ್ಪತ್ತನೇ ಪಾಲ್ಮೈರಾ ದಳದ ಕಡತಗಳೂ ಪಪೈರಸ್ ಮೇಲೆ ಉಳಿದಿದ್ದವು. ಯಾವ ದಿನ ಯಾವ ದೇವರಿಗೆ ಯಾವ ಬಲಿ ಎಂದು ತಿಳಿಸುವ ಸೈನ್ಯದ ಪಂಚಾಂಗವೂ ಅದರಲ್ಲಿತ್ತು. ಧೂಪ ಹಾಕುತ್ತಿದ್ದ ಟೆರೆಂಟಿಯಸ್‌ನಿಗೆ ಅವನ ಹೆಂಡತಿ ಆರೆಲಿಯಾ ಆರ್ರಿಯಾ ಬರೆಸಿದ ಸಮಾಧಿಲೇಖವೂ ಸಿಕ್ಕಿತು. ಹೀಗೆ, ಚಿತ್ರದಲ್ಲಿ ಮಾತ್ರ ಕಂಡಿದ್ದ ಮನುಷ್ಯನಿಗೆ ಒಂದು ಸಂಸಾರವೂ ಒಂದು ಸಾವೂ ಸೇರಿಕೊಂಡವು.

ಆದರೂ ದೊಡ್ಡ ಸಂಪತ್ತು ಅಡಗಿದ್ದದ್ದು ಮರುಭೂಮಿಯತ್ತ ಮುಖಮಾಡಿದ ಆ ಪಶ್ಚಿಮದ ಗೋಡೆಯ ಬುಡದಲ್ಲಿ, ನೋಡಿದರೆ ಬರೀ ಮಣ್ಣಿನ ದಿಬ್ಬ ಎನಿಸುವಲ್ಲಿ. 1932ರ ಜನವರಿಯಲ್ಲಿ ಆ ದಿಬ್ಬದೊಳಗೆ ಒಂದು ಮನೆ ಸಿಕ್ಕಿತು. ಹೊರಗಿನಿಂದ ನೆರೆಮನೆಗಳಿಗಿಂತ ಏನೂ ಬೇರೆಯಿಲ್ಲ. ಒಳಗೆ ಒಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ, ಅದರ ಮೇಲೆ ನಕ್ಷತ್ರ ಬಿಡಿಸಿದ ಕಮಾನು, ಹಿಂದಿನ ಗೋಡೆಯಲ್ಲಿ ಕುರಿ ಹೊತ್ತ ಕುರುಬ, ಪಕ್ಕದ ಗೋಡೆಯಲ್ಲಿ ನೀರಿನ ಮೇಲೆ ನಡೆಯುವ ಯೇಸು, ಹಾಸಿಗೆ ಹೊತ್ತುಕೊಂಡು ಎದ್ದುಹೋಗುವ ರೋಗಿ. ಗಾರೆ ಹಸಿಯಿದ್ದಾಗ ಯಾರೋ ಗೀಚಿದ ಇಸವಿ ನಮ್ಮ ಲೆಕ್ಕದಲ್ಲಿ 232-233. ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರಿಗೆ ಬೆಂಬಲವಾಗಿ ನಿಂತು ದೊಡ್ಡ ಚರ್ಚುಗಳು ಏಳುವುದಕ್ಕೆ ಇನ್ನೂ ಎಪ್ಪತ್ತು ಎಂಬತ್ತು ವರ್ಷವಿತ್ತು. ಅಷ್ಟು ಹಿಂದಿನ, ಕಾಲ ಖಚಿತವಾಗಿ ಹೇಳಬಲ್ಲ ಪ್ರಾರ್ಥನೆಯ ಮನೆ ಅದುವರೆಗೆ ಕೈಗೆ ಸಿಕ್ಕಿರಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ, ಅದೇ ಗೋಡೆಯ ಬುಡದಲ್ಲಿ, ಹೆಬ್ಬಾಗಿಲಿನಿಂದ ಆಚೆ ಬದಿಗೆ ಸ್ವಲ್ಪ ದೂರದಲ್ಲಿ ಇನ್ನೊಂದು ದಿಬ್ಬ ಅಗೆದರು. ಆಗ ಕಾರ್ಯಕ್ಷೇತ್ರದ ಉಸ್ತುವಾರಿ ಕ್ಲಾರ್ಕ್ ಹಾಪ್ಕಿನ್ಸ್ ಅವರದು. ಗೋಡೆಗೆ ಅಂಟಿದ್ದ ಕೊನೆಯ ಪದರದ ಮಣ್ಣು ಉದುರಿದಂತೆ ಚಿತ್ರದ ಕೆಳಗೆ ಚಿತ್ರ ತೆರೆದುಕೊಳ್ಳುತ್ತ ಹೋಯಿತು. ಮೊದಲಿಗೆ ಇದು ಇನ್ನೊಂದು ಗುಡಿಯಿರಬೇಕೆಂದು ಅನ್ನಿಸಿದ್ದರೆ ತಪ್ಪೇನಿಲ್ಲ. ಆದರೆ ಚಿತ್ರದಲ್ಲಿದ್ದವನು ಮೋಶೆ. ಫರೋಹನ ಮಗಳು ನೀರಿಗಿಳಿದು ಕೂಸನ್ನು ಎತ್ತುತ್ತಿದ್ದಾಳೆ, ಸಮುದ್ರ ಸೀಳುತ್ತಿದೆ, ಸಮುವೇಲ ದಾವೀದನ ತಲೆಗೆ ಎಣ್ಣೆ ಸುರಿಯುತ್ತಿದ್ದಾನೆ, ಎಸ್ತೇರಳ ಕತೆಯ ಮೊರ್ದೆಕೈ ಪರ್ಷಿಯನ್ ಷರಾಯಿ ತೊಟ್ಟು ಕುದುರೆಯ ಮೇಲೆ ಬರುತ್ತಿದ್ದಾನೆ. ಇದು ಯಹೂದಿಗಳ ಸಿನಗಾಗ್. ವಿಗ್ರಹ ಮಾಡಬೇಡ ಎಂಬ ಕಟ್ಟಳೆಯಿರುವ ಧರ್ಮದವರು ಪ್ರಾರ್ಥನೆಯ ಗೋಡೆಯ ಮೇಲೆ ಮನುಷ್ಯರೂಪ ಬರೆಯುವುದುಂಟೇ? ಇಲ್ಲವೆಂದೇ ಆವರೆಗಿನ ಪಾಠಪುಸ್ತಕಗಳೆಲ್ಲ ನಂಬಿದ್ದವು. ಛಾವಣಿಯ ಹೆಂಚುಗಳ ಮೇಲಿನ ಅರಮಾಯಿಕ್ ಬರಹ ಮಂದಿರ ಹೊಸದಾದ ವರ್ಷವನ್ನೂ ಹೇಳಿತು: 244-245, ಯೆದಾಯನ ಮಗ ಸಮುವೇಲ ಹಿರಿಯನಾಗಿದ್ದಾಗ. ಅಂದರೆ ಅಷ್ಟು ಅಕ್ಕರೆಯಿಂದ ಬರೆಸಿದ ಚಿತ್ರಗಳನ್ನು ಬರೆಸಿದವರು ನೋಡಿದ್ದು ಹತ್ತು ಹನ್ನೊಂದು ವರ್ಷ ಅಷ್ಟೆ.

ಏಕೆಂದರೆ ಅವನ್ನು ಹೂಳಿದವರು ರೋಮನ್ ಸೈನಿಕರು. ಪರ್ಷಿಯನ್ನರು ಬರುವುದು ಖಾತ್ರಿಯಾದಾಗ ಕೋಟೆಯ ಪಶ್ಚಿಮದ ಗೋಡೆಯೇ ದುರ್ಬಲ ಜಾಗವೆಂದು ಅವರಿಗೆ ಗೊತ್ತಿತ್ತು. ಹೊರಗಿನಿಂದ ಗುದ್ದಿದರೂ ಬುಡ ಕೊರೆದರೂ ಬೀಳದಂತೆ ಒಳಗಿನಿಂದ ಒತ್ತು ಕೊಡಬೇಕು. ಗೋಡೆಯ ಉದ್ದಕ್ಕೂ ಸಾಗುತ್ತಿದ್ದ ಬೀದಿಯನ್ನು ಮಣ್ಣು, ಹಸಿ ಇಟ್ಟಿಗೆ, ಕಸಕಡ್ಡಿ ಸುರಿದು ತುಂಬಿದರು. ಸಾಲದೆ ಹೋದಾಗ ಬೀದಿಗೆ ಹೊಂದಿದ್ದ ಮನೆಗಳ ಸೂರು ಕಿತ್ತು ಕೋಣೆಗಳಿಗೂ ತುಂಬಿದರು. ಇಳಿಜಾರಾದ ಆ ಒಡ್ಡಿನ ಮೇಲೆ ಚಾಚಿಕೊಂಡಿದ್ದ ಗೋಡೆಗಳನ್ನು ಕಡಿದುಹಾಕಿದರು. ಹಾಗಾಗಿಯೇ ಸಿನಗಾಗಿನ ಕೋಟೆಗೋಡೆಯ ಕಡೆಯ ಭಿತ್ತಿ ಹೆಚ್ಚುಕಡಿಮೆ ಪೂರ್ತಿ ಉಳಿದಿದೆ, ಎದುರಿನದು ಬುಡದಷ್ಟೇ. ಎರಡು ಬದಿಯ ಭಿತ್ತಿಗಳನ್ನು ಓರೆಯಾಗಿ ಕೊಯ್ದಂತಿದೆ. ಮಳೆ ಕಡಿಮೆ, ಮಣ್ಣು ಒಣ, ಬೆಳಕಿಲ್ಲ. ಹದಿನೇಳು ಶತಮಾನ ಹಾಗೆಯೇ ಕಳೆಯಿತು. ರೊಸ್ತೊವ್‌ಟ್ಸೆಫ್ ಈ ಊರನ್ನು ಸಿರಿಯಾ ಮರುಭೂಮಿಯ ಪಾಂಪೇ ಎಂದರು, ಆ ಬಿರುದು ಈಗಲೂ ಎಲ್ಲರ ಬಾಯಲ್ಲಿದೆ. ನನಗೆ ಅದು ಅಷ್ಟು ಸರಿಬರುವುದಿಲ್ಲ. ಪಾಂಪೇಯನ್ನು ಬೆಟ್ಟ ಮುಚ್ಚಿತು, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಇಲ್ಲಿ ಯಾರೋ ಒಬ್ಬ ಅಧಿಕಾರಿ ದೇವರ ಮನೆಗಳನ್ನು ಮಣ್ಣು ಮಾಡಿ ಎಂದು ಹೇಳಿ, ಊರವರ ಎದುರಿಗೇ ಮಾಡಿಸಿದ. ಅದು ನಾಶದ ಕೆಲಸ. ಉಳಿದದ್ದು ಅದರ ಅಡ್ಡಪರಿಣಾಮ.

ಅದೇ ಒಡ್ಡಿನಿಂದ 1934ರಲ್ಲಿ ಮಿತ್ರ ದೇವರ ಗುಡಿಯೂ ಹೊರಬಂತು. ರೋಮನ್ ಸೈನಿಕರ ಮೆಚ್ಚಿನ ಆ ದೇವರ ಬಗ್ಗೆ ಬದುಕಿಡೀ ಬರೆದಿದ್ದ ಕ್ಯೂಮೋ ಅದನ್ನು ನೋಡಲೆಂದೇ ಇಳಿವಯಸ್ಸಿನಲ್ಲಿ ಮತ್ತೆ ದುರಾಕ್ಕೆ ಬಂದರು.

ಒಂದೇ ಬೀದಿಯಲ್ಲಿ ಸಿನಗಾಗ್, ಚರ್ಚು, ಮಿತ್ರನ ಗುಡಿ ಎಂದೊಡನೆ ಸರ್ವಧರ್ಮ ಸಮನ್ವಯದ ಭಾಷಣ ನಾಲಗೆಯ ತುದಿಗೆ ಬರುತ್ತದೆ. ಸ್ವಲ್ಪ ತಡೆಯಬೇಕು. ಸಿನಗಾಗಿನ ಒಂದು ಚಿತ್ರದಲ್ಲಿ ದಾಗೋನನ ಗುಡಿಯಲ್ಲಿ ವಿಗ್ರಹಗಳು ಮುರಿದು ಬಿದ್ದಿವೆ. ಬಿದ್ದ ದೇವರ ಉಡುಗೆ ಅದೇ ಊರಿನ ಬೇರೆ ಗುಡಿಗಳ ದೇವರ ಉಡುಗೆಯನ್ನು ಹೋಲುತ್ತದೆ. ನೆರೆಯವರ ದೇವರನ್ನು ತಮ್ಮ ಗೋಡೆಯ ಮೇಲೆ ಬೀಳಿಸಿಕೊಂಡೇ ಅವರೊಡನೆ ಸಂತೆಗೆ ಹೋಗಿಬರುತ್ತಿದ್ದ ಜನ ಇವರು. ಗಡಿಯೂರುಗಳಲ್ಲಿ ಬಾಳುವೆ ಹೀಗೇ ನಡೆಯುತ್ತಿತ್ತೆಂದು ನನಗೆ ತೋರುತ್ತದೆ. ಅದೇ ಚಿತ್ರಗಳ ಮೇಲೆ ಮಸಿಯಲ್ಲಿ ಬರೆದ ಪಹ್ಲವಿ ಅಕ್ಷರಗಳೂ ಇವೆ, ಕೆಲವು ಪರ್ಷಿಯಾ ಕಡೆಯಿಂದ ಬಂದ ಲಿಪಿಕಾರರ ಕೈಬರಹ. ಇಂಥ ತಿಂಗಳು, ಇಂಥ ದಿನ ಬಂದು ಈ ಚಿತ್ರ ನೋಡಿದೆವು ಎಂಬ ಧಾಟಿಯವು. ಅವರು ಬಂದು ನೋಡಿಹೋದ ಕೆಲವೇ ವರ್ಷಕ್ಕೆ ಅವರ ರಾಜನ ದಂಡು ಬಂತು.

ದಂಡು ಬಂದ ಮೇಲಿನದನ್ನು ಸಿನಗಾಗಿನ ಹತ್ತಿರವೇ ಇರುವ ಹತ್ತೊಂಬತ್ತನೆಯ ಬುರುಜು ಹೇಳುತ್ತದೆ. ಪರ್ಷಿಯನ್ನರು ಹೊರಗಿನಿಂದ ಅದರ ಬುಡಕ್ಕೆ ಸುರಂಗ ಕೊರೆದರು. ಸದ್ದು ಹಿಡಿದು ರೋಮನ್ನರು ಒಳಗಿನಿಂದ ಎದುರುಸುರಂಗ ಕೊರೆದರು. 1930ರ ದಶಕದಲ್ಲಿ ಫ್ರೆಂಚ್ ಪುರಾತತ್ವಜ್ಞ ದು ಮೆನಿಲ್ ದು ಬುಯಿಸೋಂ ಅಲ್ಲಿ ಅಗೆದಾಗ ಸುಮಾರು ಇಪ್ಪತ್ತು ರೋಮನ್ ಸೈನಿಕರ ಅಸ್ಥಿಗಳು ಒಂದೇ ಕಡೆ ರಾಶಿಬಿದ್ದಿದ್ದವು, ಸ್ವಲ್ಪ ಆಚೆ ಒಬ್ಬ ಪರ್ಷಿಯನ್ನನದು. 2009ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಸೈಮನ್ ಜೇಮ್ಸ್ ಹಳೆಯ ಟಿಪ್ಪಣಿಗಳನ್ನು ಮತ್ತೆ ಜೋಡಿಸಿ, ಪರ್ಷಿಯನ್ನರು ಗಂಧಕ ಮತ್ತು ರಾಳದಂಥ ಕಲ್ಲರಗಿಗೆ ಬೆಂಕಿಯಿಟ್ಟು ಆ ಹೊಗೆಯನ್ನು ಎದುರುಸುರಂಗಕ್ಕೆ ನುಗ್ಗಿಸಿದರು, ಇವರು ನಿಮಿಷಗಳಲ್ಲಿ ಉಸಿರುಕಟ್ಟಿ ಸತ್ತರು ಎಂದು ವಾದಿಸಿದರು. ಎಷ್ಟು ಮಣ್ಣು ಸುರಿದಿದ್ದರೂ ಕೊನೆಗೆ ಊರು ಉಳಿಯಲಿಲ್ಲ.

1937ರಲ್ಲಿ ಹಣ ಮುಗಿದು ಯೇಲ್ ತಂಡ ಹಿಂದಿರುಗಿತು. ಸಿಕ್ಕಿದ್ದನ್ನು ಪಾಲು ಹಾಕಿಕೊಂಡಾಗ ಸಿನಗಾಗಿನ ಭಿತ್ತಿಗಳು ಡಮಾಸ್ಕಸ್ಸಿನ ರಾಷ್ಟ್ರೀಯ ಸಂಗ್ರಹಾಲಯಕ್ಕೆ, ದೀಕ್ಷಾಸ್ನಾನದ ಕೋಣೆ, ಮಿತ್ರನ ಗುಡಿ, ಧೂಪದ ಟೆರೆಂಟಿಯಸ್ ಅಮೆರಿಕಕ್ಕೆ ಹೋದವು. ಊರಿನ ಬಹುಭಾಗ ಅಗೆಯದೆ ಉಳಿಯಿತು. 1986ರಿಂದ ಫ್ರೆಂಚ್ ಮತ್ತು ಸಿರಿಯನ್ ತಜ್ಞರು ಸೇರಿ ಅದರಲ್ಲಿ ನಿಧಾನಕ್ಕೆ ಕೆಲಸ ಮಾಡುತ್ತಿದ್ದರು; 2011ರ ಅಂತರ್ಯುದ್ಧ ಅದನ್ನೂ ನಿಲ್ಲಿಸಿತು. 2014ರ ಉಪಗ್ರಹ ಚಿತ್ರಗಳಲ್ಲಿ ಕೋಟೆಯೊಳಗಿನ ನೆಲ ಗುಂಡಿಗಳಿಂದ ತುಂಬಿಹೋಗಿದೆ. ಮಾರಾಟಕ್ಕೆಂದು ಅಗೆದವರಿಗೆ ನಕ್ಷೆಯಾಗಲಿ ದಿನಚರಿಯಾಗಲಿ ಬೇಕಿರಲಿಲ್ಲ, ಹಾಗಾಗಿ ಆ ಗುಂಡಿಗಳಿಂದ ಎದ್ದುಬಂದದ್ದು ಯಾವ ಗುಡಿಯದು, ಯಾವ ಮನೆಯದು ಎಂದು ಇನ್ನು ತಿಳಿಯುವಂತಿಲ್ಲ. ಈಗ ನಡೆಯುತ್ತಿರುವ ಅಗೆತವೆಲ್ಲ ಹಳೆಯ ಫೋಟೋ, ನಕ್ಷೆ, ಕಾರ್ಡುಗಳೊಳಗೆ. ಯೇಲ್ ಸಂಗ್ರಹದ ದಾಖಲೆಗಳನ್ನು ಡಿಜಿಟಲ್ ಮಾಡಿ, ಅರಬ್ಬಿಯಲ್ಲೂ ಹುಡುಕಿ ಓದುವಂತೆ ಜೋಡಿಸುವ ಕೆಲಸ ನಡೆದಿದೆ. ಆ ಫೋಟೋಗಳಲ್ಲಿ ಬುಟ್ಟಿ ಹೊತ್ತು, ಗುದ್ದಲಿ ಹಿಡಿದು ನಿಂತ ನೂರಾರು ಕೂಲಿಯವರಿದ್ದಾರೆ, ಸುತ್ತಲಿನ ಹಳ್ಳಿಗಳವರು. ಹೆಚ್ಚಿನ ಫೋಟೋಗಳ ಅಡಿಬರಹದಲ್ಲಿ ಬುರುಜಿನ ಸಂಖ್ಯೆಯಿದೆ, ಅವರ ಹೆಸರಿಲ್ಲ.